ಕಿತ್ತಳೆ ಜೆಲ್ಲಿಗೆ ಹಾಕಿದ್ದು

ಮಾರ್ಚ್ 3, ಬೆಳಿಗ್ಗೆ 11
ನಾಲ್ಕನೇ ಸಲ. ನೀರು ಬೆರೆಸಿ ಹುಳಿ ತಗ್ಗಿಸಿದ ಕಿತ್ತಳೆ ರಸ ಅರ್ಧ ಲೀಟರ್, ಅಗರ್ ಅಗರ್ ನಾಲ್ಕು ಗ್ರಾಂ. ಕಡಲಪಾಚಿಯ ಪುಡಿ, ಚೆನ್ನಾಗಿ ಕುದಿಸಲೇಬೇಕು. ಕುದಿಸಿದೆ. ಗಟ್ಟಿಯಾಯಿತು — ತೀರಾ ಗಟ್ಟಿ. ಅಕ್ಕನ ಗಂಟಲಿಗೆ ರೇಡಿಯೇಷನ್ ಶುರುವಾಗಿ ಮೂರು ವಾರ, ಬಾಯಿ ತುಂಬ ಹುಣ್ಣು. ಒಂದು ಚಮಚ ತಿಂದು ಮುಖ ಕಿವುಚಿದಳು.
"ಇದನ್ನ ಬಾಗಿಲಿಗೆ ಅಡ್ಡ ಇಡೆ, ಗಾಳಿಗೆ ಬಡ್ಕೊಳ್ಳಲ್ಲ."
ನಗಿಸಿದಳು. ತಿನ್ನಲಿಲ್ಲ. ಪುಡಿ ಕಡಿಮೆ ಮಾಡಿದರೆ ನೀರು ಬಿಡುತ್ತದೆ. ನೀರು ಗಂಟಲಿಗಿಳಿದರೆ ಕೆಮ್ಮು. ಬೇಕರಿಯಲ್ಲಿ ಹದಿನಾರು ವರ್ಷ ಪುಡಿಂಗ್ ಮಾಡಿದ ಕೈ. ಏನು ಬಂತು?

ಮಾರ್ಚ್ 5
ತೂಕ ಮತ್ತೆ ಒಂದೂವರೆ ಕಿಲೋ ಇಳಿದಿದೆ. ಆಹಾರಕ್ಕೆ ಮೂಗಿಗೆ ಟ್ಯೂಬ್ ಹಾಕೋಣ ಅಂದರು ಡಾಕ್ಟರು. ಅಕ್ಕ ಸದ್ಯಕ್ಕೆ ಬೇಡವೆಂದಳು.
ಬೇಕರಿಯ ಕಪಾಟಿನಲ್ಲಿ ಜೆಲಾಟಿನ್ ಡಬ್ಬ. ನೀರು ಬಿಡುವುದಿಲ್ಲ, ನಾಲಿಗೆಯ ಮೇಲೆ ಮೆತ್ತಗೆ ಜಾರುತ್ತದೆ. ಆದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಅಕ್ಕ ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ಮಾಂಸ ಬಿಟ್ಟವಳು. "ಅವುಗಳ ಹಣೆ ಸವರಿ ಬಂದ ಕೈಲಿ ಹೇಗೆ ತಿನ್ಲಿ?" ಇಪ್ಪತ್ತೆರಡು ವರ್ಷ. ಕ್ಯಾಪ್ಸೂಲಿನ ಸಿಪ್ಪೆ ಯಾವುದರದ್ದು ಅಂತ ಕೂಡ ವಿಚಾರಿಸಿ ನುಂಗುವವಳು.
ಡಬ್ಬ ಕೈಗೆತ್ತಿಕೊಂಡೆ. ವಾಪಸ್ ಇಟ್ಟೆ.

ಮಾರ್ಚ್ 6, ಮಧ್ಯಾಹ್ನ 1
ಹಾಕಿದೆ.
ಇಡೀ ಬಟ್ಟಲು ಖಾಲಿ. ಬಟ್ಟಲಿನ ಅಂಚನ್ನೂ ಬೆರಳಲ್ಲಿ ಬಳಿದಳು.
"ಏನೇ ಮಾಡ್ದೆ ಈ ಸಲ?"
"ಬೇರೆ ಕಂಪನಿ ಅಗರ್, ಅಕ್ಕ."
ಎಷ್ಟು ಸಲೀಸಾಗಿ ಬಂತು ಸುಳ್ಳು!

ಮಾರ್ಚ್ 13
ವಾರವಿಡೀ ಅದೇ. ತೂಕ ಇಳಿಯುವುದು ನಿಂತಿದೆ. ಡಾಕ್ಟರು ನನ್ನನ್ನು ಹೊಗಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಶಹಬ್ಬಾಸ್ ಅಂದರೂ ನಾನು ಹೆಗಲು ಮುಟ್ಟಿಕೊಳ್ಳುವ ಹಾಗಾಗಿದೆ.
ಕಡಲಪಾಚಿಯದೇ ಇನ್ನೊಂದು ಪುಡಿ ಇದೆಯಂತೆ, ಕ್ಯಾರಜೀನನ್. ಮೆತ್ತಗೆ ಕೂರುತ್ತದಂತೆ. ತರಿಸುತ್ತೇನೆ. ಅಲ್ಲಿಯವರೆಗೆ… ಇದೇ.

ಮಾರ್ಚ್ 14, ಸಂಜೆ
ರೇಡಿಯೇಷನ್‌ಗೆ ಕಾಯುವಾಗ ಪಕ್ಕ ಕೂರುವ ಟೀಚರಿಗೆ ಅಕ್ಕ ಅರ್ಧ ಬಟ್ಟಲು ಕೊಟ್ಟಳಂತೆ. ಅವರು ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವರು.
"ನನ್ ತಂಗಿ ಮಾಡಿದ್ದು, ಧೈರ್ಯವಾಗಿ ತಿನ್ನಿ ಅಂದೆ. ಹೇಗ್ ಮಾಡೋದು ಅಂತ ಬರ್ಕೊಡು, ಅವರಿಗೆ ಬೇಕಂತೆ."
ಚೀಟಿಯಲ್ಲಿ 'ಅಗರ್' ಅಂತ ಬರೆದೆ. ಹರಿದು ಹಾಕಿದೆ.

ಮಾರ್ಚ್ 15, ಬೆಳಿಗ್ಗೆ 9
ಹೇಳಿದೆ.
ಬೈಯುತ್ತಾಳೆ ಅಂದುಕೊಂಡಿದ್ದೆ. ಹೊದಿಕೆಯ ನೂಲು ಎಳೆದಳು.
"ಎಷ್ಟು ದಿನ?"
"ಒಂಬತ್ತು."
"ಟ್ಯೂಬ್ ಹಾಕಿಸ್ಕೊಳ್ತಿದ್ದೆ ಕಣೆ. ನಾಲ್ಕು ದಿನ ನೋಡೋಣ ಅಂತಿದ್ದೆ, ಅಷ್ಟೆ. ನೀನು ನನ್ನನ್ನ ಕೇಳ್ಲೇ ಇಲ್ಲ."
"ನೀನು ಸೊರಗೋದು ನೋಡಕ್ಕಾಗ್ಲಿಲ್ಲ, ಅಕ್ಕ."
"ಅದು ನಿನ್ನ ಕಷ್ಟ. ತಿಂದಿದ್ದು ನಾನು."
 

ಮಾರ್ಚ್ 16
ಟೀಚರಿಗೆ ನಾನೇ ಹೇಳಿದೆ, ಅಕ್ಕನ ಎದುರಿಗೇ. ಅಕ್ಕನಿಗೆ ಗೊತ್ತಿರಲಿಲ್ಲ ಅಂತಲೂ ಹೇಳಿದೆ. ಅವರು ಚೀಲ ಎತ್ತಿಕೊಂಡು ದೂರದ ಕುರ್ಚಿಗೆ ಹೋಗಿ ಕೂತರು. ಅಕ್ಕನ ಪಕ್ಕದ ಕುರ್ಚಿ ಖಾಲಿ. ನಾನು ಕೂರಲು ಹೋದೆ. ಅಕ್ಕ ಅದರ ಮೇಲೆ ತನ್ನ ಫೈಲ್ ಇಟ್ಟಳು.

ಮಾರ್ಚ್ 27
ಟ್ಯೂಬ್ ಹಾಕಿ ಹತ್ತು ದಿನ. ಹಾಲು, ಗಂಜಿ ಎಲ್ಲ ಭಾವನೇ ಕೊಡುತ್ತಾರೆ. ನಾನು ಹೋದರೆ "ಬಾ, ಕೂತ್ಕೋ" ಅನ್ನುತ್ತಾಳೆ, ನೆಂಟರಿಗೆ ಅನ್ನುವ ಹಾಗೆ.
ಕ್ಯಾರಜೀನನ್ ಬಂತು. ಆರು ಸಲ ಕೆಡಿಸಿದೆ. ಏಳನೆಯದು ನಾಲಿಗೆ ಒತ್ತಿದರೆ ಜಾರುತ್ತದೆ. ಒಯ್ಯುವ ಧೈರ್ಯವಾಗಲಿಲ್ಲ. ಪುಡಿಯ ಪ್ಯಾಕೆಟ್ ಮಾತ್ರ ಭಾವನ ಕೈಗೆ ಕೊಟ್ಟುಬಂದೆ.

ಏಪ್ರಿಲ್ 9, ಸಂಜೆ 5
ಅಕ್ಕ ನನ್ನ ಮನೆಗೆ ಬಂದಿದ್ದಾಳೆ! ಮೂಗಿಗೆ ಟ್ಯೂಬ್, ಕೈಯಲ್ಲಿ ಆ ಪ್ಯಾಕೆಟ್. ಅಡುಗೆಮನೆಯ ಸ್ಟೂಲ್ ಎಳೆದುಕೊಂಡಳು.
"ನನ್ನ ಮುಂದೇ ಮಾಡು."
ಮಾಡಿದೆ. ಹಾಕುವುದನ್ನೆಲ್ಲ ಮೊದಲು ಅವಳ ಕೈಗೆ ಕೊಟ್ಟೆ, ಸಕ್ಕರೆಯನ್ನೂ. ಆರಿದ ಮೇಲೆ ಒಂದು ಚಮಚ ಬಾಯಿಗಿಟ್ಟಳು. ಡಾಕ್ಟರು ಒಂದೆರಡು ಚಮಚಕ್ಕೆ ಒಪ್ಪಿದ್ದಾರಂತೆ.
"ಆವತ್ತಿನಷ್ಟು ಚೆನ್ನಾಗಿಲ್ಲ."
"ಇಲ್ಲ, ಅಕ್ಕ."
"ಕ್ಷಮಿಸಿದೀನಿ ಅಂದ್ಕೋಬೇಡ."
ಎರಡನೇ ಚಮಚ ತಗೊಂಡಳು. ನಾನು ಈ ರೂಮಿಗೆ ಓಡಿಬಂದೆ. ಅವಳ ಮುಂದೆ ಅತ್ತರೆ ಅವಳೇ ಸಮಾಧಾನ ಮಾಡಬೇಕಾಗುತ್ತದೆ. ಇಷ್ಟೆಲ್ಲ ಆದಮೇಲೆ ಅದನ್ನೂ ಅವಳ ಕೈಲಿ ಮಾಡಿಸಿದರೆ—