ಮೂಗಿಗೆ ಮುಟ್ಟಿಸಿದ ದಾರ

ಮಾರ್ಚ್ 4, ಬುಧವಾರ

ಬೆಳಿಗ್ಗೆ ನಮ್ಮ ಫೋಟೋ ಅಂಗಡಿಯಲ್ಲಿ ಮೂರು ಪಾಸ್‌ಪೋರ್ಟ್ ಫೋಟೋ, ಒಂದು ಶಾಲೆಯ ಗುರುತಿನ ಚೀಟಿಯದು. ಎಲ್ಲ ಸೊಸೆಯ ಚಿಕ್ಕ ಕ್ಯಾಮೆರಾದಲ್ಲೇ. ಡಬ್ಬಕ್ಕೆ, ಅಂದರೆ ಯಜಮಾನರ ಹಳೇ ದೊಡ್ಡ ಕ್ಯಾಮೆರಾಕ್ಕೆ, ಕೆಲಸವಿಲ್ಲ. ಆದರೂ ಲೆನ್ಸ್ ಒರೆಸಿದೆ. ಕೆಲಸವಿಲ್ಲವೆಂದು ಮುಖ ತೊಳೆಯದೆ ಇರುತ್ತೇವೆಯೇ.

ಮಧ್ಯಾಹ್ನ ಮಗ, ಸೊಸೆ ಆಸ್ಪತ್ರೆಯಿಂದ ಬಂದರು. ಮಗ ಚಪ್ಪಲಿ ಬಿಚ್ಚದೆ ಸೀದಾ ಒಳಗೆ ಬಂದ. ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಒರೆಸುವ ಬಟ್ಟೆ ಕೆಳಗಿಟ್ಟೆ. ಸೊಸೆಯ ಒಸಡಿನ ಹುಣ್ಣು ಬರೀ ಹುಣ್ಣಲ್ಲವಂತೆ. ಕ್ಯಾನ್ಸರ್. ಎಡಗಡೆಯ ದವಡೆ ತೆಗೆಯಬೇಕು. ಕಾಲಿನ ಮೂಳೆ ತಂದು ಅಲ್ಲಿ ಕೂಡಿಸುತ್ತಾರಂತೆ.

"ಮುಖ ಮೊದಲಿನ ಹಾಗೆ ಇರಲ್ಲ ಅಂದ್ರಮ್ಮ ಡಾಕ್ಟ್ರು."

24ಕ್ಕೆ ಆಪರೇಷನ್.

ಸೊಸೆ ಏನೂ ಆಗದವಳಂತೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ನಾನಿಡುತ್ತೇನೆ, ನೀನು ಕೂತುಕೋ ಎನ್ನಬೇಕಿತ್ತು. "ಸಕ್ಕರೆ ಕಮ್ಮಿ ಹಾಕು" ಎಂದೆ. ನನ್ನ ಬಾಯಿಗೆ ಬರುವುದೇ ಅಂಥದ್ದು.

ಸಂಜೆ ಅವಳೇ ಬಂದು ಡಬ್ಬದ ಪಕ್ಕ ನಿಂತಳು.

"ಅತ್ತೆ, ಇದರಲ್ಲಿ ನಂದೊಂದು ತೆಗೀತೀರಾ? ಆಪರೇಷನ್‌ಗೆ ಮುಂಚೆ?"

"ಫೋನ್ ತುಂಬ ಫೋಟೋ ಇಟ್ಕೊಂಡಿದ್ದೀಯಲ್ಲ."

"ಎಲ್ಲಾರದ್ದೂ ತೆಗಿಯೋಳು ನಾನೇ ಅಲ್ವಾ ಅತ್ತೆ. ಹುಡುಕಿದೆ. ನಂದು ಅಂತ ಇರೋದು ಮೂರು. ಒಂದರಲ್ಲಿ ಅರ್ಧ ಕಿವಿ, ಒಂದರಲ್ಲಿ ಮೊಣಕೈ. ಇನ್ನೊಂದರಲ್ಲಿ ನೀವು ನಂಗೆ ಬೈತಿದ್ದೀರಿ. ನಿಮ್ಮದು ಚೆನ್ನಾಗಿ ಬಂದಿದೆ."

ಇಪ್ಪತ್ತೆರಡು ವರ್ಷದಿಂದ ಈ ಮನೆಯಲ್ಲಿದ್ದಾಳೆ. ಊರಿನ ಮುಖಗಳೆಲ್ಲ ಡಬ್ಬದೊಳಗೆ ಹೋಗಿ ಬಂದಿವೆ. ಇವಳನ್ನು ಒಂದು ದಿನ ಕೂರಿಸಿಲ್ಲ. ಮದುವೆಯ ಹೊಸತರಲ್ಲಿ ಕೇಳಿದ್ದಳು. ಇದು ಗಿರಾಕಿಗಳಿಗೆ, ಮನೆಯವರ ಆಟಕ್ಕಲ್ಲ ಎಂದಿದ್ದೆ. ಮತ್ತೆ ಕೇಳಿರಲಿಲ್ಲ.

"ತೆಗೀತೀನಿ. ಮುಖ ಮಾತ್ರ. ಫಿಲ್ಮ್ ಶೀಟಿನ ತುಂಬ" ಎಂದೆ.

ಮಾರ್ಚ್ 6, ಶುಕ್ರವಾರ

ಹೇಳಿದಷ್ಟು ಸುಲಭವಲ್ಲ. ಡಬ್ಬಕ್ಕೆ ಫೋಕಸ್ ತಿರುಗಿಸುವ ಸೌಕರ್ಯವೇ ಇಲ್ಲ. ಯಜಮಾನರು ಹಳೇ ದೊಡ್ಡ ಕ್ಯಾಮೆರಾದ ಹಿಗ್ಗಿ ಕುಗ್ಗುವ ಮಡಿಕೆ ಚರ್ಮ ಕಿತ್ತು ಆ ಜಾಗಕ್ಕೆ ಪ್ಲೈವುಡ್ ಪೆಟ್ಟಿಗೆ ಕೂಡಿಸಿದ್ದು. ಆಗ ದಿನಕ್ಕೆ ಇನ್ನೂರು ಶಾಲೆ ಮಕ್ಕಳು. ಒಬ್ಬೊಬ್ಬರಿಗೂ ಫೋಕಸ್ ಮಾಡುತ್ತ ಕೂರುವವರು ಯಾರು? ಲೆನ್ಸ್ ಅಲ್ಲಾಡುವಂತಿಲ್ಲ. ಐದು ಅಡಿ ದೂರದಲ್ಲಿ ಕೂತವರು ಮಾತ್ರ ಸ್ಪಷ್ಟ. ಅದಕ್ಕೇ ಲೆನ್ಸಿನ ಕೆಳಗೊಂದು ಮೊಳೆ, ಮೊಳೆಗೆ ದಾರ, ದಾರಕ್ಕೆ ಗಂಟು. ದಾರ ಎಳೆ, ಗಂಟನ್ನು ಮೂಗಿನ ತುದಿಗೆ ಮುಟ್ಟಿಸು, ಬಿಡು, ಒತ್ತು. ಯಜಮಾನರಿದ್ದಾಗಲೂ ಹೋದ ಮೇಲೂ ನನ್ನದು ಅದೇ ಕೆಲಸ. ನಲವತ್ತು ವರ್ಷ.

ಮುಖ ದೊಡ್ಡದಾಗಬೇಕಾದರೆ ಹತ್ತಿರ ಕೂರಿಸಬೇಕು. ಹತ್ತಿರ ಕೂರಿಸಿದರೆ ಲೆನ್ಸನ್ನು ಮುಂದಕ್ಕೆ ತರಬೇಕು. ಬಡಗಿಯ ಹತ್ತಿರ ಹೋದೆ. ಎರಡು ಇಂಚು ದಪ್ಪದ ಚೌಕಟ್ಟು, ನಡುವೆ ತೂತು.

"ಏನಮ್ಮ ಇದು, ಗಡಿಯಾರಕ್ಕಾ?"

"ಕ್ಯಾಮೆರಾ ಮೂತಿ ಉದ್ದ ಮಾಡೋಕೆ."

"ಅದರ ಮೂತಿ ಉದ್ದ ಆಗಿದ್ದು ನಿಮ್ಮ ಜೊತೆ ಇದ್ದೂ ಇದ್ದೂ ಅನ್ಕೊಂಡಿದ್ದೆ."

"ಬಾಯಿ ಮುಚ್ಕೊಂಡು ಅಳತೆ ಹಿಡಿ. ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ವಾಪಸ್ ತರ್ತೀನಿ."

ತರಲಿಲ್ಲ. ಚೆನ್ನಾಗಿಯೇ ಮಾಡಿದ್ದಾನೆ. ಒಳಗೆ ಕಪ್ಪು ಬಳಿದೆ. ಸಂದುಗಳಲ್ಲಿ ಬೆಳಕು ನುಸುಳದಂತೆ ಹಳೆಯ ಕೊಡೆಯ ಬಟ್ಟೆ ಅಂಟಿಸಿದೆ. ಶೀಟ್ ಫಿಲ್ಮ್ ಐದೇ ಉಳಿದಿವೆ. ಇನ್ನು ತರಿಸುವ ದಾರಿಯಿಲ್ಲ. ಐದು ಸಾಕು. ನನಗೆ ಒಂದೇ ಸಾಕು.

ಮಾರ್ಚ್ 8, ಭಾನುವಾರ

ಹಿಂದೆ ಫಿಲ್ಮ್ ಕೂರುವ ಜಾಗದಲ್ಲಿ ಬಿಂಬ ಕಾಣಲು ಉಜ್ಜಿದ ಗಾಜು ಇಟ್ಟೆ. ಮುಂದೆ ಸ್ಟೂಲಿನ ಮೇಲೆ ಪುಸ್ತಕ ಪೇರಿಸಿ ನ್ಯೂಸ್‌ಪೇಪರ್ ನಿಲ್ಲಿಸಿದೆ. ತಲೆಯ ಮೇಲೆ ಕಪ್ಪು ಬಟ್ಟೆ. ಸ್ಟೂಲನ್ನು ಹಿಂದೆ ಮುಂದೆ ಸರಿಸಿ ಸರಿಸಿ ಸೊಂಟ ಬಿದ್ದುಹೋಯಿತು. ಮೊಮ್ಮಗಳು ಸಹಾಯಕ್ಕೆ ಬಂದಳು. ಬೇಡ ಎಂದೆ. ಎರಡೂವರೆ ಅಡಿಗೆ ಸ್ವಲ್ಪ ಕಮ್ಮಿಯಲ್ಲಿ ಅಕ್ಷರ ಎದ್ದು ನಿಂತಿತು... ತಲೆಕೆಳಗಾಗಿ, ಆದರೆ ಸೂಜಿಯಲ್ಲಿ ಬರೆದ ಹಾಗೆ. ದಾರ ಎಳೆದು ಪೇಪರಿಗೆ ಮುಟ್ಟಿದ ಕಡೆ ಹೊಸ ಗಂಟು ಹಾಕಿದೆ.

ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಮಾರ್ಚ್ 9, ಸೋಮವಾರ

ಕೂರಿಸಿದೆ. ಎರಡು ಫ್ಲಾಶ್‌ನಲ್ಲಿ ಒಂದು ಸತ್ತಿದೆ. ಬೆಳಕು ಸಾಲದು ಎಂದು ಲೆನ್ಸಿನ ಬಾಯಿ ಪೂರ್ತಿ ತೆರೆದೆ.

"ತಲೆ ಆಡಿಸಬೇಡ. ಭುಜ ಇಳಿಸು."

"ಉಸಿರಾಡಬಹುದಾ ಅತ್ತೆ?"

"ನಾನು ಹೇಳಿದಾಗ."

ಬಾಗಿಲಲ್ಲಿದ್ದ ಮೊಮ್ಮಗಳು, "ಅಮ್ಮಂಗೆ ಅಭ್ಯಾಸ ಇದೆ ಬಿಡಜ್ಜಿ, ಇಪ್ಪತ್ತೆರಡು ವರ್ಷದಿಂದ ನೀನು ಹೇಳಿದಾಗಲೇ ಉಸಿರಾಡೋದು" ಅಂದಳು. ಸೊಸೆ ಕಿಸಕ್ಕನೆ ನಕ್ಕಳು. ನಾನೂ. ನಗು ನಿಲ್ಲಲು ಹೊತ್ತು ಹಿಡಿಯಿತು.

ಅಷ್ಟು ಹತ್ತಿರದಿಂದ ಅವಳನ್ನು ನೋಡಿದ್ದು ಇವತ್ತೇ. ಎಡದವಡೆಯ ಅಂಚಿನಲ್ಲಿ ಎಳ್ಳಿನಷ್ಟು ಮಚ್ಚೆ. ನನಗೆ ಗೊತ್ತೇ ಇರಲಿಲ್ಲ. ಅದೂ ಹೋಗುತ್ತದೆ.

ದಾರ ಎಳೆದೆ, ಮುಟ್ಟಿಸಿದೆ, ಬಿಟ್ಟೆ, ಒತ್ತಿದೆ. ಮೂರು ಶೀಟ್. ಮೂರರಲ್ಲೂ ಕಣ್ಣು ಮಿಟುಕಿಸಲಿಲ್ಲ. ಗಟ್ಟಿಗಿತ್ತಿ.

ಮಾರ್ಚ್ 10, ಮಂಗಳವಾರ

ಮೂರೂ ಹಾಳು.

ಕತ್ತಲೆ ಕೋಣೆಯಿಂದ ತಂದು ಕಿಟಕಿಗೆ ಹಿಡಿದೆ. ಮೂಗು ಸ್ಪಷ್ಟ. ಮೂಗಿನ ತುದಿಯ ಒಂದೊಂದು ರಂಧ್ರ ಎಣಿಸಬಹುದು. ಅದರ ಹಿಂದೆ ಎಲ್ಲ ಮಂಜು. ಕಣ್ಣಿಲ್ಲ, ತುಟಿಯಿಲ್ಲ, ಮಚ್ಚೆಯಿಲ್ಲ.

ಐದು ಅಡಿಯಲ್ಲಿ, ಲೆನ್ಸಿನ ಬಾಯಿ ಚಿಕ್ಕದಿದ್ದಾಗ, ಮೂಗಿಗೂ ಕಣ್ಣಿಗೂ ಇರುವ ಎರಡು ಬೆರಳಿನ ಅಂತರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಈಗ ಅದೇ ಎಲ್ಲವನ್ನೂ ನುಂಗಿದೆ. ಕಣ್ಣಿನ ಕೆಳಗೆ ಮುಟ್ಟಿಸಬೇಕಿತ್ತು. ಭಾನುವಾರ ತಲೆಗೆ ಅದು ಗೊತ್ತಿತ್ತು. ಸೋಮವಾರ ಕೈ ತಲೆಯನ್ನು ಕೇಳಲಿಲ್ಲ. ನಲವತ್ತು ವರ್ಷದ ಕೈ, ಸೀದಾ ಮೂಗಿಗೆ ಹೋಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಅವಳು. "ಬಂತಾ ಅತ್ತೆ?"

ನೆಗೆಟಿವ್ ಬೆನ್ನ ಹಿಂದೆ ಹಿಡಿದೆ. ಕಳ್ಳಿಯ ಹಾಗೆ. "ಬಂತು."

"ಚೆನ್ನಾಗಿದೆಯಾ?"

"ನಾನು ತೆಗೆದದ್ದು ಚೆನ್ನಾಗಿಲ್ಲದೆ?"

ತೋರಿಸಿ ಎಂದರೆ ಏನು ಮಾಡಲಿ? ಅನ್ನಲಿಲ್ಲ. "ಈಗ ನೋಡಲ್ಲ. ಎಲ್ಲ ಮುಗಿದ್ಮೇಲೆ ನೋಡ್ತೀನಿ. ಆಗ ಬೇಕಾಗತ್ತೆ" ಎಂದಳು. ಹೋಗುವಾಗ ಏನೋ ಗುನುಗುತ್ತಿದ್ದಳು.

ಮಾರ್ಚ್ 13, ಶುಕ್ರವಾರ

ಇನ್ನೂ ಎರಡು ಶೀಟ್ ಇವೆ. ಹನ್ನೊಂದು ದಿನ ಇದೆ. ಬೆಳಿಗ್ಗೆ ಕರೆದೆ.

"ಇನ್ನೆರಡು ತೆಗೆಯೋಣ ಬಾ."

"ಯಾಕತ್ತೆ? ಚೆನ್ನಾಗಿ ಬಂದಿದೆ ಅಂದ್ರಲ್ಲ."

"ಇನ್ನೂ ಚೆನ್ನಾಗಿ ಬರಲಿ ಅಂತ."

ಎಡಗೆನ್ನೆ ಮೊನ್ನೆಯಿಂದ ಊದಿದೆ. ಸೆರಗಿನಲ್ಲಿ ಮುಚ್ಚಿಕೊಂಡು ತಲೆಯಾಡಿಸಿದಳು. "ಈ ಮುಖಾನ? ಬೇಡ ಅತ್ತೆ. ಅದೊಂದೇ ಇರ್ಲಿ. ಅದು ಇದೆ ಅಂತಾನೇ ನಾನು ಧೈರ್ಯವಾಗಿರೋದು."

ಎರಡು ಶೀಟನ್ನೂ ಮತ್ತೆ ಕಪಾಟಿನಲ್ಲಿಟ್ಟೆ.

ಮಾರ್ಚ್ 15, ಭಾನುವಾರ

ಬಚ್ಚಿಟ್ಟಿದ್ದ ನೆಗೆಟಿವ್‌ಗಳನ್ನು ಮಗ ನೋಡಿಬಿಟ್ಟ.

"ಅಮ್ಮ, ಇದು..."

"ನಂಗೆ ಕಣ್ಣಿದೆ."

ಕಂಪ್ಯೂಟರಿನಲ್ಲಿ ಸರಿಮಾಡಬಹುದು ಎಂದ. ಎರಡು ಗಂಟೆ ಕೂತ. ಕಣ್ಣು ಬಂದವು, ರೆಪ್ಪೆಯೂ ಬಂತು. ಯಾರದೋ ಕಣ್ಣು. ಅಳಿಸು ಎಂದೆ. ಅವನೂ ಅದೇ ಹೇಳಬೇಕೆಂದಿದ್ದನಂತೆ.

"ಅವಳಿಗೆ ಹೇಳ್ಬಿಡಮ್ಮ. ಮನೇಲೇ ಇದ್ದಾಳೆ, ಮತ್ತೆ ಕೂತ್ಕೋತಾಳೆ. ಒಂದು ಮಾತು ತಾನೇ."

ಒಂದೇ ಮಾತು, ನನ್ನ ಕೈ ತಪ್ಪಿತು ಎಂದು. ಗಂಡನಿಗೂ ಹೇಳದ ಮಾತು ಅದು. ಊತ ಇಳಿಯುತ್ತಿದೆ. ಬುಧವಾರ ಹೇಳುತ್ತೇನೆ. ಬುಧವಾರದೊಳಗೆ ಪೂರ್ತಿ ಇಳಿದಿರುತ್ತದೆ.

ಮಾರ್ಚ್ 16, ಸೋಮವಾರ. ಬೆಳಿಗ್ಗೆ 11

ಆಸ್ಪತ್ರೆಯಿಂದ ಫೋನ್. ಯಾರದೋ ಆಪರೇಷನ್ ಮುಂದಕ್ಕೆ ಹೋಗಿದೆಯಂತೆ. ಬೆಡ್ ಖಾಲಿ. ನಾಳೆ ಬೆಳಿಗ್ಗೆಯೇ ಬಂದು ಸೇರಿ, 18ಕ್ಕೇ ಮಾಡುತ್ತೇವೆ ಎಂದರಂತೆ. ಬೇಗ ಆದಷ್ಟು ಒಳ್ಳೆಯದು ಎಂದ ಮಗ. ಹೌದು, ಒಳ್ಳೆಯದೇ.

ಸಂಜೆ 6

ಎರಡು ಶೀಟೂ ಹೋಲ್ಡರಿಗೆ ಹಾಕಿದೆ. ಫ್ಲಾಶ್ ಹೊತ್ತಿಸಿ ನೋಡಿದೆ. ಸ್ಟೂಲ್ ಸರಿಯಾದ ಜಾಗಕ್ಕೆ ಇಟ್ಟು, ಪಕ್ಕದಲ್ಲಿ ನಿಂತು ಕಾದೆ. ಬಂದ ತಕ್ಷಣ ಹೇಳುವುದು, ಕೂರಿಸುವುದು. ಮನೆಯಲ್ಲಿ ಬಟ್ಟೆ, ರಿಪೋರ್ಟು, ಫೋನು, ಗಲಾಟೆ. ಕೊನೆಗೂ ಬಂದಳು.

"ಅತ್ತೆ, ಸ್ಟೂಲ್ ತಗೊಳ್ಲಾ? ಅಟ್ಟದ ಮೇಲಿನ ಬ್ಯಾಗ್ ಬೇಕು."

ಕೊಟ್ಟೆ.

ಮಾರ್ಚ್ 17, ಮಂಗಳವಾರ. ಬೆಳಿಗ್ಗೆ 6.30

ಹೋದರು. ಕಾರಿನ ಕಿಟಕಿ ಇಳಿಸಿ, "ಫೋಟೋ ಜೋಪಾನ ಅತ್ತೆ" ಎಂದಳು. ಹೂಂ ಎಂದೆ. ಕಾರು ತಿರುವಿನವರೆಗೂ ಕಾಣಿಸುತ್ತಿತ್ತು. ಕೂಗಿದರೆ ಕೇಳಿಸುತ್ತಿತ್ತು.

ಮಾರ್ಚ್ 21, ಶನಿವಾರ

ಒಂಬತ್ತು ಗಂಟೆಯ ಆಪರೇಷನ್ನಂತೆ. ಚೆನ್ನಾಗಿ ಆಗಿದೆ ಎಂದರಂತೆ. ಎಲ್ಲ ಅಂತೆ ಅಂತೆ. ಒಳಗೆ ಒಬ್ಬರನ್ನೇ ಬಿಡುತ್ತಾರೆ, ಮಗ ಇದ್ದಾನೆ. ನಾನು ಇಲ್ಲಿ ಅಂಗಡಿಯ ಬಾಗಿಲು ತೆರೆಯುತ್ತೇನೆ, ಮುಚ್ಚುತ್ತೇನೆ.

ಗಂಟಲಿಗೆ ನಳಿಗೆ ಹಾಕಿರುವುದರಿಂದ ಮಾತಿಲ್ಲ. ಕಾಗದದಲ್ಲಿ ಬರೆಯುತ್ತಾಳಂತೆ. ಆಸ್ಪತ್ರೆಯಲ್ಲಿ ಹೊರಗಿರುವ ಮೊಮ್ಮಗಳು ಅಪ್ಪ ತಂದು ತೋರಿಸಿದ ಕಾಗದ ಓದಿ ಫೋನಿನಲ್ಲಿ ಹೇಳಿದಳು:

"ಮೊದಲು ಗ್ಯಾಸ್ ಬುಕ್ ಮಾಡಿದ್ರಾ ಅಂತ ಬರೆದಳಜ್ಜಿ. ಆಮೇಲೆ ಫೋಟೋ ಅಂತ. ನೀನು ಬರುವಾಗ ತರಬೇಕಂತೆ."

ಕನ್ನಡಿ ಇನ್ನೂ ಕೊಟ್ಟಿಲ್ಲವಂತೆ. ಅವಳೇ ಬೇಡ ಎಂದಿದ್ದಾಳೆ. ಮೊದಲು ಹಳೆಯದು ನೋಡಿ ಆಮೇಲೆ ನೋಡುತ್ತೇನೆ ಎಂದು ಬರೆದಳಂತೆ.

ಫೋನ್ ಇಟ್ಟು ಗೋಡೆಗೆ ಒರಗಿ ಕೂತೆ. ಗಿರಾಕಿ ಬಂದು ಕರೆದು ಕರೆದು ಹೋದರು.

ಮಾರ್ಚ್ 25, ಬುಧವಾರ. ಆಸ್ಪತ್ರೆ, ಮಧ್ಯಾಹ್ನ 3.40

ವಾರ್ಡಿಗೆ ತಂದಿದ್ದಾರೆ. ಮಗ ಊಟಕ್ಕೆ ಹೋದ. ನಿದ್ದೆಯಲ್ಲಿದ್ದಾಳೆ. ಮಂಚದ ಪಕ್ಕ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ನೋಡಬೇಕಾಗುತ್ತದೆ.

ನೋಡಿದೆ. ಬಲಗಡೆ ಅವಳೇ. ಎಡಗಡೆ ಊದಿ ಗುಂಡಗಾಗಿದೆ. ಕಿವಿಯಿಂದ ಗದ್ದದವರೆಗೆ ಹೊಲಿಗೆ. ಇಷ್ಟು ದೊಡ್ಡ ಹೊಲಿಗೆ ನಾನು ದಿಂಬಿಗೂ ಹಾಕಿಲ್ಲ.

ಚೀಲದಲ್ಲಿ ಕವರ್ ಇದೆ. ಕವರಿನಲ್ಲಿ ಮೂಗು. ತರದೆ ಬಂದು, ಮರೆತೆ ಎನ್ನಬಹುದಿತ್ತು. ಫಿಲ್ಮ್ ಹಳೆಯದು, ಕೆಟ್ಟಿತ್ತು ಎನ್ನಬಹುದು. ನಂಬುತ್ತಾಳೆ. ನನ್ನ ಕೈ ತಪ್ಪುವುದಿಲ್ಲ ಎಂದು ಈ ಮನೆಯವರೆಲ್ಲ ನಂಬಿದ್ದಾರೆ, ನಾನೇ ನಂಬಿಸಿದ್ದು.

ಬಸ್ಸಿನಲ್ಲಿ ಬರುವಾಗ ಮನಸ್ಸಿನಲ್ಲೇ ಹೇಳಿ ನೋಡಿದೆ. ನಿನ್ನ ಮುಖ ನನಗೆ ಹಿಡಿಯಲಾಗಲಿಲ್ಲ. ಗೊತ್ತಿದ್ದೂ ನೀನು ಹೊರಡುವವರೆಗೂ ಬಾಯಿ ಬಿಡಲಿಲ್ಲ. ತಪ್ಪು ನನ್ನದು. ಮೂರೇ ವಾಕ್ಯ. ಬಸ್ಸಿನಲ್ಲಿ ಸಲೀಸಾಗಿ ಬಂತು.

ಎದ್ದಳು. ನನ್ನನ್ನು ಗುರುತಿಸಿದಳು. ನಗಲು ಹೋದಳು, ನಗು ಅರ್ಧದಲ್ಲಿ ನಿಂತಿತು. ನೀರು ಬೇಕೇ ಎಂದೆ. ಬೇಡ ಎಂದು ಕೈಯಾಡಿಸಿದಳು. ಕಾಗದ ಬೇಕೇ ಎಂದೆ. ಬೇಡ. ಚೀಲ ನೋಡುತ್ತಿದ್ದಾಳೆ. ನಾನು ತಲೆ ತಗ್ಗಿಸಿ ಬರೆಯುತ್ತಲೇ ಇದ್ದೇನೆ. ಕೈ ಚಾಚಿದಳು. ಅಂಗೈ ಮೇಲೆ ಮಾಡಿ, ಹಾಗೇ ಹಿಡಿದಿದ್ದಾಳೆ. ಇಳಿಸುತ್ತಿಲ್ಲ. ಇನ್ನು ಬರೆಯಬಾರದು, ಪೆನ್ನು ಇಟ್ಟು ಅವಳಿಗೆ ಆ ಮೂರು ವಾಕ್ಯ ಹೇಳಬೇಕು.