ಕೋಷ್ಟಕ ಏಳು

ಮಾರ್ಚ್ 3
ಮತ್ತೆ ಕೋಷ್ಟಕ ಏಳು. ಸರ್ಕಾರವೇ ಗುರಿ ಕೊಡುತ್ತಿದ್ದ ಯೋಜನಾಕಾಲದ ಕೊನೆಯ ವರ್ಷವನ್ನು ಮೂಲವರ್ಷವಾಗಿ ನೂರು ಎಂದಿಟ್ಟರೆ, ಮಾರುಕಟ್ಟೆಗೆ ಬಿಟ್ಟ ಮೂರನೆಯ ವರ್ಷ ಬಲ್ಬ್ ಕಾರ್ಖಾನೆಯ ಉತ್ಪಾದನೆ ನಲವತ್ತೊಂದು. ಐವತ್ತಕ್ಕಿಂತ ಕೆಳಗಿದ್ದರೆ ಮುಚ್ಚಿ ಎಂಬುದು ನಮ್ಮ ವರದಿಯ ಶಿಫಾರಸು. ಭಾವ ಅಲ್ಲಿ ಫೋರ್‌ಮನ್. ಇಪ್ಪತ್ತಾರು ವರ್ಷದಿಂದ.

ಮಾರ್ಚ್ 5
ಅಕ್ಕನ ಮನೆಯಲ್ಲಿ ಊಟ.
"ಏನಪ್ಪಾ ಪಂಡಿತ, ನಮ್ಮ ಜಾತಕ ಬರೆದಾಯ್ತಾ?" ಎಂದರು ಭಾವ.
"ಇನ್ನೂ ಇಲ್ಲ."
"ಆಗ ಉರೀದೇ ಇರೋ ಬಲ್ಬನ್ನೂ ಎಣಿಸ್ತಿದ್ವಿ. ಈಗ ಮಾರಿದ್ದಷ್ಟೇ ಲೆಕ್ಕ. ಬಾವು ಇಳಿದವನನ್ನ ಬಡಕಲಾದ ಅಂತೀರಲ್ಲೋ."
"ಮೊದಲು ಉಣ್ಣಿ," ಎಂದಳು ಅಕ್ಕ. ನನ್ನ ಮುಖ ನೋಡಲಿಲ್ಲ.

ಮಾರ್ಚ್ 6
ಕಡತದ ಕೋಣೆ. ಮೂಲವರ್ಷದ ತಪಾಸಣಾ ಹಾಳೆ ಸಿಕ್ಕಿತು. ಕೆಳಗೆ, ಆಗ ತಪಾಸಣೆಗೆ ಹೋಗಿದ್ದ ನನ್ನದೇ ಸಹಿ — ಮರೆತಿದ್ದೆ ಎಂದರೆ ಸುಳ್ಳು. ಆ ಡಿಸೆಂಬರ್ ಗುರಿ ಮುಟ್ಟಿರಲಿಲ್ಲ. ಕಾರ್ಖಾನೆಯ ಮ್ಯಾನೇಜರ್ ಗುಜರಿಯ ರಾಶಿ ತೋರಿಸಿ, "ಒಡೆದಿಲ್ವಲ್ಲ, ಬಲ್ಬೇ," ಎಂದಿದ್ದ. ನೂರರಲ್ಲಿ ನಲವತ್ತು ಉರಿಯುತ್ತಿರಲಿಲ್ಲ. ಅವನ್ನು ಕಳೆದರೆ ಇಂದಿನ ಅಂಕಿ ಅರವತ್ತೆಂಟು. ಕಾರ್ಖಾನೆ ಉಳಿಯುತ್ತದೆ.

ಮಾರ್ಚ್ 7
ನಮ್ಮ ಸಂಸ್ಥೆಯ ನಿರ್ದೇಶಕರಿಗೆ ಸುತ್ತಿ ಬಳಸಿ ಹೇಳಿದೆ.
"ಮೂಲವರ್ಷ ಸುಳ್ಳು ಅಂದ್ರೆ ಸಹಿ ಹಾಕಿದವರ ಹೆಸರು ಬೇಕು. ಅಂಥವರನ್ನ ಸಂಸ್ಥೆ ಇಟ್ಕೊಳಲ್ಲ, ಗೊತ್ತಲ್ಲ? ಯಾರದ್ದು?"
"ಹುಡುಕಬೇಕು ಸಾರ್."
ಎಷ್ಟು ಸಲೀಸಾಗಿ ಬಂತು.

ಮಾರ್ಚ್ 12
ನಾಲ್ಕು ದಿನ ಏನೂ ಬರೆಯಲಿಲ್ಲ... ಮಧ್ಯಾಹ್ನ ಭಾವ ಆಫೀಸಿನ ಗೇಟಿಗೆ ಬಂದಿದ್ದರು. ಮಡಿಚಿದ ಪತ್ರಿಕೆಯೊಳಗೆ ಅದೇ ಹಾಳೆಯ ಕಾರ್ಬನ್ ಪ್ರತಿ.
"ಯೂನಿಯನ್‌ನವರು ಕೇಳಿದ್ರು. ನನ್ನ ಹತ್ರ ಇಲ್ಲ ಅಂದೆ."
"ನಿಮಗೆ ಮೊದಲೇ ಗೊತ್ತಿತ್ತಾ?"
"ನಿಮ್ಮಕ್ಕಂಗೂ ಗೊತ್ತು. ತಮ್ಮನ ತಟ್ಟೆಯಿಂದ ತೆಗೆದು ಗಂಡನಿಗೆ ಬಡಿಸಲ್ಲ ಅಂದ್ಳು. ಹರಿದುಹಾಕು, ಪಂಡಿತ."
ಬಸ್ಸಿಗೆ ಓಡಿದರು. ವಯಸ್ಸಾಗಿದೆ, ಓಟದಲ್ಲಿ ಕಾಣಿಸಿತು.

ಮಾರ್ಚ್ 14, ಬೆಳಿಗ್ಗೆ 9.40
ಹತ್ತಕ್ಕೆ ಅಂತಿಮ ಸಭೆ. ಭಾವ ಕೊಟ್ಟ ಪ್ರತಿಯನ್ನು ಹರಿದುಹಾಕಿಲ್ಲ. ಕೋಷ್ಟಕ ಏಳರ ಕೆಳಗೆ ಎರಡು ಸಾಲಿನಷ್ಟು ಜಾಗವಿದೆ.
"ಏನು ಹೊಡೀಲಿ ಸಾರ್, ಬೇಗ ಹೇಳಿ," ಎಂದಳು ಟೈಪಿಸ್ಟ್.
ಹೇಳಿದೆ: ಮೂಲವರ್ಷದ ಅಂಕಿಯಲ್ಲಿ ಉರಿಯದ ಬಲ್ಬುಗಳೂ ಸೇರಿವೆ, ಸರಿಪಡಿಸಿದ ಅಂಕಿ ಅರವತ್ತೆಂಟು. ತಪಾಸಣೆ ಮಾಡಿದವರು—
"ಹೆಸರು?"
ಹೇಳಿದೆ. ಬೆರಳುಗಳು ನಿಂತವು. ತಲೆಯೆತ್ತಿ ನೋಡಿದಳು. ಆಮೇಲೆ ಮೆಲ್ಲಗೆ, "ಇನಿಷಿಯಲ್ ಮುಂದೆ ಹಾಕ್ಲಾ ಸಾರ್, ಹಿಂದೆ ಹಾಕ್ಲಾ?"

9.55
ಟೈಪಾದ ಹಾಳೆ ಕೈಯಲ್ಲಿದೆ. ಶಾಯಿ ಇನ್ನೂ ಹಸಿ. ಸಭೆಯ ಕೋಣೆಗೆ ಇಪ್ಪತ್ತು ಹೆಜ್ಜೆ. ಬಾಗಿಲು ತೆರೆದ ಸದ್ದು. ನನ್ನನ್ನೇ ಕರೆಯುತ್ತಿದ್ದಾರೆ.