ಏಳನೆಯ ಹಾಡಿಗೆ ಮೂವತ್ತನಾಲ್ಕು

ಪ್ಲಿಮತ್, ಮಿಷಿಗನ್
೧೮ ಜನವರಿ ೨೦೦೯, ಭಾನುವಾರ

ಹೃಷೀಕೇಶನಿಗೆ ಅಮ್ಮನ ಆಶೀರ್ವಾದ.

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಹಾಳೆಯನ್ನು ಬೆಳಕಿಗೆ ಹಿಡಿದರೆ ಕಾಣುತ್ತದೆ. ಕೆಮ್ಮು ಹೇಗಿದೆ? ಷಿಕಾಗೋದಲ್ಲಿ ಈ ವಾರ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿತ್ತಂತೆ. ಆ ಜಿಪ್ಪು ಕಿತ್ತುಹೋದ ಜಾಕೆಟ್ಟಿನಲ್ಲೇ ಬೋಲಿಂಗ್‌ಬ್ರೂಕಿನ ಗೋದಾಮಿಗೆ ಕೆಲಸಕ್ಕೆ ಹೋಗುತ್ತಿದ್ದೀಯಾ? ಊಟಕ್ಕೇನು ಎಂದು ಕೇಳುವುದಿಲ್ಲ, ಕೇಳಿದರೆ ಸುಳ್ಳು ಹೇಳುತ್ತೀಯ. ಇಂಗ್ಲಿಷಿನಲ್ಲಿ ಬರೆದರೆ ಒಂದೇ ಉಸಿರಿಗೆ ಓದಿ ಎಸೆಯುತ್ತೀಯೆಂದು ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದು. ಬೈಗುಳ ಹೆಚ್ಚು ಹೊತ್ತು ಬಾಳಲಿ.

ನೀನು ಕಳಿಸಿದ ಸಿಡಿ ಮಂಗಳವಾರ ಬಂತು. ಜೊತೆಗಿದ್ದ ಚೀಟಿಯನ್ನು ನಾಲ್ಕು ಸಲ ಓದಿದೆ. ನಿನಗೆ ತುಂಬ ಇಷ್ಟವಾದ ಹನ್ನೆರಡು ಹಾಡುಗಳಂತೆ, ಎಲ್ಲಾ ಸಿಂಥಸೈಜರ್ ಎಂಬ ಸದ್ದಿನ ಯಂತ್ರದವಂತೆ. ಹನ್ನೊಂದು ಬೇರೆಯವರವು, ಒಂದು ನಿಮ್ಮ ಬ್ಯಾಂಡಿನದು, ಯಾವುದೆಂದು ಹೇಳುವುದಿಲ್ಲವಂತೆ. ನಾನು ಪರೀಕ್ಷೆಯಲ್ಲಿ ಕೊಡುವ ಹಾಗೆ ನೂರಕ್ಕೆ ಅಂಕ ಕೊಡಬೇಕಂತೆ. ನಿಮ್ಮದು ಫೇಲಾದರೆ ಬ್ಯಾಂಡು ಬಿಟ್ಟು ಮನೆಗೆ ಬಂದು, ಅರ್ಧಕ್ಕೆ ಬಿಟ್ಟ ಫಾರ್ಮಸಿ ಕಾಲೇಜಿಗೆ ಮತ್ತೆ ಸೇರುತ್ತೀಯಂತೆ. ಭಲೆ! ಮಗನಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತೋ. ಹನ್ನೆರಡನ್ನೂ ಫೇಲು ಮಾಡಿದರೆ ನಿಮ್ಮದೂ ಫೇಲೇ ಅಲ್ಲವೇನೋ, ಪೆದ್ದೇ? ನಾನು ಮೈಸೂರಿನಲ್ಲಿ ಜೂನಿಯರ್ ಸಂಗೀತ ಪರೀಕ್ಷೆಗೆ ಪರೀಕ್ಷಕಿಯಾಗಿ ಕೂತವಳು. ಸ್ವಂತ ಅತ್ತಿಗೆಯ ಮಗಳು ಜಯಾಳನ್ನೇ ಎರಡು ಅಂಕಕ್ಕೆ ಫೇಲು ಮಾಡಿದವಳು. ಅವಳು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ತೆಗೆದುಕೋ ನಿನ್ನ ಅಂಕಪಟ್ಟಿ. ಮೂವತ್ತೈದಕ್ಕೆ ಪಾಸು. ಮೊದಲನೆಯದರಲ್ಲಿ ಒಂದು ನಿಮಿಷ ಮೈಕ್ರೋವೇವ್ ಕೂಗುತ್ತದೆ, ಅನ್ನ ಬಿಸಿಯಾಯಿತೇನೋ ಎಂದು ಎದ್ದು ಹೋಗಿ ನೋಡಿ ಬಂದೆ. ಹದಿನಾಲ್ಕು. ಎರಡನೆಯವನಿಗೆ ಹಲ್ಲುನೋವು, ಸಂಗೀತವಲ್ಲ. ಹನ್ನೊಂದು. ಮೂರನೆಯದು, ನಾಲ್ಕನೆಯದು ಒಂದೇ ಹಾಡು, ಬೇರೆ ಎಂದು ನೀನು ಪ್ರಮಾಣ ಮಾಡಿದರೂ ನಂಬುವುದಿಲ್ಲ. ಇಬ್ಬರಿಗೂ ಸೇರಿ ಇಪ್ಪತ್ತು. ಐದರಲ್ಲಿ ನಾಲ್ಕೇ ಸ್ವರ, ಹತ್ತುತ್ತದೆ, ಇಳಿಯುತ್ತದೆ. ನನ್ನ ಸಂಗೀತದ ಕ್ಲಾಸಿನ ಆರು ವರ್ಷದ ಮಕ್ಕಳು ಸರಳೆ ವರಸೆಯನ್ನು ಒಂದಕ್ಕಿಂತ ಒಂದು ಚುರುಕಾದ ಮೂರು ಕಾಲದಲ್ಲಿ ಹಾಡುತ್ತಾರೆ, ಇವರಿಗೆ ಒಂದು ಕಾಲವೇ ಭಾರ. ಎಂಟು. ಆರರಲ್ಲಿ ಗಿಟಾರು ಪಕ್ಕದ ಮನೆಯವರ ಹಿಮ ಎಸೆಯುವ ಸ್ನೋ ಬ್ಲೋವರಿನಂತಿದೆ. ಒಂಬತ್ತು. ಏಳನೆಯದಕ್ಕೆ ಮೂವತ್ತನಾಲ್ಕು. ಎಂಟರಿಂದ ಹನ್ನೆರಡರವರೆಗೆ ಬರೆಯಲು ಶಾಯಿ ದಂಡ, ಹತ್ತರ ಮೇಲೆ ಯಾರೂ ಇಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದೆ ಎಂದುಕೊಳ್ಳುತ್ತೀಯೇನೋ. ಕೋಣಕ್ಕೂ ಎರಡು ಕಿವಿ ಇರುತ್ತವೆ.

ಇನ್ನೊಂದು ವಿಷಯ. ಅಕ್ಟೋಬರಿನಲ್ಲಿ ಹೇಳದೆ ಕೇಳದೆ ಹೊರಟಾಗ ನನ್ನ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನೂ ಎತ್ತಿಕೊಂಡು ಹೋದೆಯಲ್ಲ, ನಾಚಿಕೆಯಾಗಲಿಲ್ಲವೆ? ದೇವರ ಪಕ್ಕದಲ್ಲಿಟ್ಟಿದ್ದ ವಸ್ತು. ಈಗ ಮಕ್ಕಳು ಕಂಪ್ಯೂಟರಿನ ಶ್ರುತಿಗೆ ಹಾಡುತ್ತಾರೆ, ಅದು ನೂರಕ್ಕೆ ನೂರು ಸರಿ, ಅದಕ್ಕೇ ನನಗೆ ಬೇಡ. ನನ್ನ ಪೆಟ್ಟಿಗೆ ಹತ್ತು ನಿಮಿಷ ಬಿಸಿಯಾದರೆ ಪಂಚಮ ಕೂದಲೆಳೆಯಷ್ಟು ಇಳಿಯುತ್ತಿತ್ತು, ಹಾಡುತ್ತಲೇ ಕೈಚಾಚಿ ಗುಂಡಿ ತಿರುಗಿಸಬೇಕಿತ್ತು. ಇಪ್ಪತ್ತು ವರ್ಷದ ಅಭ್ಯಾಸ. ಈಗಲೂ ಕ್ಲಾಸಿನ ಮಧ್ಯೆ ಕೈ ಖಾಲಿ ಜಾಗಕ್ಕೆ ಹೋಗುತ್ತದೆ, ಮಕ್ಕಳು ನಗುತ್ತಾರೆ. ಬರುವಾಗ ಅದನ್ನು ಟವೆಲಿನಲ್ಲಿ ಸುತ್ತಿ ತಾ.

ನಿಮ್ಮಪ್ಪನ ಆಫೀಸು ನವೆಂಬರಿನಲ್ಲೇ ಮುಚ್ಚಿತು ಎಂದು ನಿನಗೆ ಗೊತ್ತು. ಕಾರಿನ ಕಂಪನಿಗಳೇ ಸಾಲಕ್ಕೆ ಸರ್ಕಾರದ ಮುಂದೆ ಕೈಚಾಚಿ ನಿಂತಿರುವಾಗ ಅವುಗಳಿಗೆ ಬಿಡಿಭಾಗ ಮಾಡಿಕೊಡುವವರನ್ನು ಯಾರು ಕೇಳುತ್ತಾರೆ? ಬೆಳಿಗ್ಗೆ ಎದ್ದು ನಲವತ್ತು ಕಡೆ ಅಪ್ಲೈ ಮಾಡುತ್ತಾರೆ, ಆಮೇಲೆ ಡ್ರೈವ್‌ವೇಯಲ್ಲಿ ನಿನ್ನ ಕಾರು ನಿಲ್ಲುತ್ತಿದ್ದ ಜಾಗದ ಹಿಮ ಎತ್ತುತ್ತಾರೆ. ನಿನ್ನ ಚೀಟಿ ಓದಿದ ಮೇಲೆ ದಿನಕ್ಕೆ ಎರಡು ಸಲ ಎತ್ತುತ್ತಿದ್ದಾರೆ. “ಅವನು ಬರ್ತಾನೆ ಬಿಡೇ, ನಿನ್ ಕೈಲಿ ಪಾಸಾದವರು ಯಾರಿದಾರೆ?” ಎಂದು ಎರಡು ತಿಂಗಳ ಮೇಲೆ ಮೊದಲ ಸಲ ನಕ್ಕರು. ನನಗೂ ನೀನು ಬೇಕು ಕಣೋ. ಈ ಮನೆಯಲ್ಲಿ ನಾವಿಬ್ಬರೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತು ಸಾಕಾಗಿದೆ.

ಆದ್ದರಿಂದ ಸಾಮಾನು ಕಟ್ಟು. ಆಟ ನೀನೇ ಶುರುಮಾಡಿದ್ದು, ನೀನೇ ಸೋತೆ. ದೇವರು ನಿನಗೆ ಆರೋಗ್ಯವನ್ನೂ ಒಂದು ಒಳ್ಳೆಯ ಜಾಕೆಟ್ಟನ್ನೂ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಮ್ಮ,
ಪದ್ಮಜಾ

ಮರೆತದ್ದು: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಏಳನೆಯದು ನಿಮ್ಮದು. ಕೊನೆಗೆ ಎಲ್ಲ ಯಂತ್ರಗಳೂ ನಿಂತು ನನ್ನ ಪೆಟ್ಟಿಗೆ ಒಂದೇ ಉಳಿಯುತ್ತದಲ್ಲ, ಅಲ್ಲಿ ಪಂಚಮ ಇಳಿಯುತ್ತದೆ, ಯಾರೋ ಗುಂಡಿ ತಿರುಗಿಸಿ ಅದನ್ನು ಮೇಲೆತ್ತುತ್ತಾರೆ. ಸರಿಯಾಗಿ ಅಷ್ಟೇ, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಂಟು ವರ್ಷ ನೀನು ನನ್ನ ಕ್ಲಾಸಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ, ಏನೂ ಕೇಳಿಸಿಕೊಂಡಿಲ್ಲ ಎಂದು ನಾನು ಅಂದುಕೊಂಡಿದ್ದೆ. ಜಯಾಳಿಗೆ ಎರಡು ಅಂಕ ಸುಳ್ಳು ಕೊಡಲಿಲ್ಲ, ನಿನ್ನ ಅಂಕವನ್ನೂ ಕದಿಯಲಾರೆ. ಮೂವತ್ತನಾಲ್ಕು ಸುಳ್ಳು, ಎಪ್ಪತ್ತೊಂದು. ಬರಬೇಡ. ಪೆಟ್ಟಿಗೆಯೂ ಅಲ್ಲೇ ಇರಲಿ. ನಿಮ್ಮಪ್ಪ ಹೊರಗೆ ಹಿಮ ಎತ್ತುತ್ತಿದ್ದಾರೆ, ಒಳಗೆ ಬಂದ ಮೇಲೆ ನಾನೇ ಹೇಳಬೇಕು.